ಕುಷ್ಠ: ಹೆಸರೊಂದು, ಬೇರು ಹಲವು

‘ಕುಷ್ಠ’ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಜನರ ಮನಸ್ಸಿಗೆ ಬರುವುದು ರೋಗವೇ ಹೊರತು ಗಿಡವಲ್ಲ. ಔಷಧದ ಚೀಟಿಯಲ್ಲಿ ಆ ಹೆಸರನ್ನು ಓದಿ ಮುಖ ಬಾಡಿದವರನ್ನು, ‘ಡಾಕ್ಟರೇ, ನನಗೆ ಅಂಥದ್ದೇನಾದರೂ ಆಗಿದೆಯೇ?’ ಎಂದು ಮೆಲ್ಲನೆ ಕೇಳಿದವರನ್ನು 35 ವರ್ಷಗಳಿಗೂ ಮಿಕ್ಕ ವೃತ್ತಿಜೀವನದಲ್ಲಿ ನಾವು ಅನೇಕ ಬಾರಿ ಕಂಡಿದ್ದೇವೆ. ಆಯುರ್ವೇದದಲ್ಲಿ ಕುಷ್ಠವೆಂಬುದು ಒಂದು ವ್ಯಾಧಿಯ ಹೆಸರೂ ಹೌದು, ಒಂದು ಮೂಲಿಕೆಯ ಹೆಸರೂ ಹೌದು. ವ್ಯಾಧಿಯ ಅರ್ಥದಲ್ಲಿಯೂ ಅದು ಇಂದು ನಾವು ಕುಷ್ಠರೋಗವೆಂದು ಕರೆಯುವ ಒಂದೇ ರೋಗಕ್ಕೆ ಸೀಮಿತವಲ್ಲ. 7 ಮಹಾಕುಷ್ಠ, 11 ಕ್ಷುದ್ರಕುಷ್ಠ ಎಂದು ಚರ್ಮದ 18 ಬಗೆಯ ವಿಕಾರಗಳನ್ನು ಪ್ರಾಚೀನರು ಆ ಹೆಸರಿನಡಿ ಸೇರಿಸಿದ್ದಾರೆ. ಮೂಲಿಕೆಯ ವಿಷಯಕ್ಕೆ ಬಂದರೆ, ನಿಘಂಟುಕಾರರು ಇದಕ್ಕೆ ವ್ಯಾಧಿ, ಆಮಯ, ಗದ ಎಂಬ ಪರ್ಯಾಯನಾಮಗಳನ್ನೂ ಕೊಟ್ಟಿದ್ದಾರೆ. ಮೂರೂ ರೋಗವನ್ನೇ ಹೇಳುವ ಶಬ್ದಗಳು! ಮದ್ದಿಗೆ ರೋಗದ ಹೆಸರನ್ನೇ ಇಟ್ಟು ಕರೆದ ಇಂಥ ಉದಾಹರಣೆ ನಮ್ಮ ಶಾಸ್ತ್ರದಲ್ಲಿ ವಿರಳ.

ಈ ಮೂಲಿಕೆಯನ್ನು ಕುರಿತು ಬರೆಯಬೇಕೆನಿಸಿದ್ದಕ್ಕೆ ಕಾರಣವುಂಟು. ಕೆಲವು ವರ್ಷಗಳಿಂದ ಭಕ್ತಾದಿಗಳು ಕುಷ್ಠಚೂರ್ಣವೆಂದು, ಕೋಷ್ಠದ ಬೇರೆಂದು ಕೊಂಡು ತಂದು ನಮಗೆ ತೋರಿಸುವ ಪೊಟ್ಟಣಗಳಲ್ಲಿ ಒಂದೇ ಬೇರು ಇರುವುದಿಲ್ಲ. ಹೆಸರು ಅದೇ, ಒಳಗಿನ ವಸ್ತು ಬೇರೆ. ನಿಜವಾದ ಕುಷ್ಠವಾದರೋ ತಾನು ಹುಟ್ಟಿದ ಬೆಟ್ಟಗಳಲ್ಲಿಯೇ ಕಾಣಸಿಗದಷ್ಟು ಅಪರೂಪವಾಗಿದೆ. ಈ ಎರಡು ಸಂಗತಿಗಳಿಗೂ ಪರಸ್ಪರ ಸಂಬಂಧವಿದೆ.

ಸೇವಂತಿಗೆ, ಸೂರ್ಯಕಾಂತಿ, ಚೆಂಡುಹೂ, ನಮ್ಮ ಹೊಲದ ಕುಸುಬೆ, ಗುರೆಳ್ಳು ಇವೆಲ್ಲ ಒಂದೇ ಕುಟುಂಬದ ಸಸ್ಯಗಳು. ನಮಗೆ ಒಂದು ಹೂವಾಗಿ ತೋರುವುದು ವಾಸ್ತವದಲ್ಲಿ ಹತ್ತಾರು ಕಿರುಹೂಗಳು ಒತ್ತೊತ್ತಾಗಿ ಕುಳಿತ ಗುಚ್ಛ. ಕುಷ್ಠವೂ ಈ ಕುಟುಂಬಕ್ಕೇ ಸೇರಿದ್ದು; ಅದರಲ್ಲಿಯೂ ಕುಸುಬೆಗೆ ಹತ್ತಿರದ ಬಂಧು. ಕುಸುಬೆಯ ಹೂದಲೆಯನ್ನು ಬಲ್ಲ ಬಯಲುಸೀಮೆಯ ರೈತನಿಗೆ ಕುಷ್ಠದ ಹೂವನ್ನು ತೋರಿಸಿದರೆ ಹೋಲಿಕೆ ಹಿಡಿಯುವುದು ಕಷ್ಟವಾಗದು. ಬಣ್ಣ ಮಾತ್ರ ಕಿತ್ತಳೆಯಲ್ಲ, ಕಪ್ಪು ಬೆರೆತ ನೇರಳೆ. ಸಸ್ಯಶಾಸ್ತ್ರಜ್ಞರು ಇದನ್ನು ಸಾಸುರಿಯಾ ಕೋಸ್ಟಸ್ ಎನ್ನುತ್ತಾರೆ. ನಾವು ವಿದ್ಯಾರ್ಥಿಗಳಾಗಿದ್ದಾಗ ಓದಿದ ಪುಸ್ತಕಗಳಲ್ಲಿ ಸಾಸುರಿಯಾ ಲಪ್ಪಾ ಎಂದಿತ್ತು. ಕಾಶ್ಮೀರ ಮತ್ತು ಅದರ ಆಸುಪಾಸಿನ ಹಿಮಾಲಯದಲ್ಲಿ, ಸಮುದ್ರಮಟ್ಟದಿಂದ ಸುಮಾರು 2500ರಿಂದ 4000 ಮೀಟರ್ ಎತ್ತರದ ತಂಪಾದ, ತೇವವುಳ್ಳ ಇಳಿಜಾರುಗಳು ಇದರ ನೆಲೆ. ಆಳೆತ್ತರ ಮೀರಿ ಬೆಳೆಯುವುದರಿಂದ ನೋಡಲು ಪೊದೆಯಂತೆಯೇ ಕಂಡರೂ ಇದರ ಕಾಂಡ ಮರದಂತೆ ಗಟ್ಟಿಯಾಗುವುದಿಲ್ಲ. ಚಳಿಗಾಲದ ಹಿಮಕ್ಕೆ ಮೇಲಿನ ಭಾಗವೆಲ್ಲ ಸಾಯುತ್ತದೆ. ಹಿಮ ಕರಗಿದ ಮೇಲೆ ಬೇರಿನಿಂದ ಮತ್ತೆ ಚಿಗುರುತ್ತದೆ. ಗಿಡದ ಜೀವವೆಲ್ಲ ಬೇರಿನಲ್ಲಿ, ಔಷಧವೂ ಬೇರಿನಲ್ಲಿಯೇ.

ಅಥರ್ವವೇದದ 5ನೆಯ ಕಾಂಡದ 4ನೆಯ ಸೂಕ್ತವೂ 19ನೆಯ ಕಾಂಡದ 39ನೆಯ ಸೂಕ್ತವೂ ಕುಷ್ಠವನ್ನೇ ಸಂಬೋಧಿಸುತ್ತವೆ. ಹಿಮವಂತನಲ್ಲಿ ಹುಟ್ಟಿದ್ದು, ಉತ್ತರದಿಂದ ಪೂರ್ವದ ಜನರ ಬಳಿಗೆ ಒಯ್ಯಲ್ಪಡುವುದು, ತಕ್ಮನ್ ಎಂಬ ಜ್ವರವನ್ನು ಓಡಿಸುವುದು ಎಂದು ಅಲ್ಲಿ ಇದರ ವರ್ಣನೆಯಿದೆ. ಅಷ್ಟು ಹಿಂದೆಯೇ ಇದು ಬೆಳೆಯುವ ಊರು ಒಂದು, ಬಳಸುವ ಊರು ಇನ್ನೊಂದು ಎಂಬುದನ್ನು ಗಮನಿಸಬೇಕು. ಕ್ರಿಸ್ತಶಕ ಮೊದಲನೆಯ ಶತಮಾನದ ಗ್ರೀಕ್ ನಾವಿಕಗ್ರಂಥವಾದ ಪೆರಿಪ್ಲಸ್, ಸಿಂಧೂನದಿಯ ಮುಖದಲ್ಲಿದ್ದ ಬಾರ್ಬರಿಕಂ ಎಂಬ ಬಂದರಿನಿಂದ ಹಡಗೇರುತ್ತಿದ್ದ ಸರಕುಗಳಲ್ಲಿ ಇದನ್ನು ಹೆಸರಿಸುತ್ತದೆ. ಇಂದಿನ ಭರೂಚ್ ಬಂದರಿಗೂ ಇದು ಬರುತ್ತಿತ್ತು ಎನ್ನುತ್ತದೆ. ರೋಮನರು ಇದನ್ನು ಸುಗಂಧಲೇಪಗಳಲ್ಲಿ ಬೆರೆಸಿದರು. ಗ್ರೀಕರ ಕೋಸ್ಟೋಸ್, ಅರಬರ ಕುಸ್ತ್, ಕಾಶ್ಮೀರಿಗಳ ಕುಠ್, ಮಲೆಯಾಳಿಗಳ ಕೊಟ್ಟಂ, ನಮ್ಮ ಕೋಷ್ಠ ಎಲ್ಲವೂ ಈ ಒಂದು ಬೇರಿನ ಹೆಸರುಗಳೇ. ಕಾಶ್ಮೀರದಲ್ಲಿ ಬೆಲೆಬಾಳುವ ಶಾಲುಗಳಿಗೆ ನುಸಿ ಹಿಡಿಯದಿರಲೆಂದು ಮಡಿಕೆಗಳ ನಡುವೆ ಇದರ ತುಂಡುಗಳನ್ನು ಇಡುತ್ತಿದ್ದರು. ಚೀನಾದಲ್ಲಿ ದೇವಾಲಯಗಳ ಧೂಪಕ್ಕೆ ಇದು ಬೇಕಾಗಿತ್ತು.

ಆಶ್ಚರ್ಯವೆಂದರೆ, ಸಾವಿರಾರು ವರ್ಷ ವ್ಯಾಪಾರವಾದ ಈ ಬೇರು ಯಾವ ಗಿಡದ್ದೆಂಬುದು ಕೊಂಡವರಿಗೆ ಗೊತ್ತಿರಲಿಲ್ಲ. ಯೂರೋಪಿನ ಸಸ್ಯಶಾಸ್ತ್ರಜ್ಞರು ಶುಂಠಿಯನ್ನು ಹೋಲುವ ಬೇರೊಂದು ಗುಂಪಿನ ಗಿಡಗಳಿಗೆ ‘ಕೋಸ್ಟಸ್’ ಎಂಬ ಹೆಸರನ್ನು ಕೊಟ್ಟುಬಿಟ್ಟಿದ್ದರು. ಆ ನಾಮಕರಣದ ಗೊಂದಲ ಇಂದಿಗೂ ನಮ್ಮನ್ನು ಕಾಡುತ್ತಿದೆ. ಮುಂದೆ ಅದಕ್ಕೆ ಬರುತ್ತೇವೆ. ಸಹಾರನ್‌ಪುರದ ಸಸ್ಯೋದ್ಯಾನದ ಅಧಿಕಾರಿಯಾಗಿದ್ದ ಹ್ಯೂ ಫಾಲ್ಕನರ್ ಕಾಶ್ಮೀರದಲ್ಲಿ ಸಂಚರಿಸಿ, ಅಗೆದು ತೆಗೆಯುತ್ತಿದ್ದ ಗಿಡವನ್ನು ಕಣ್ಣಾರೆ ಕಂಡು, ಇದೇ ಪ್ರಾಚೀನರ ಕೋಸ್ಟಸ್ ಎಂದು 1845ರಲ್ಲಿ ಪ್ರಕಟವಾದ ಲೇಖನದಲ್ಲಿ ಸ್ಥಾಪಿಸಿದರು.

ಬೇರಿಗಾಗಿ ಅಗೆದರೆ ಗಿಡ ಉಳಿಯುವುದಿಲ್ಲ. ನೆಲ್ಲಿಕಾಯಿಯನ್ನೋ ಅಳಲೆಕಾಯಿಯನ್ನೋ ಕಿತ್ತುಕೊಂಡರೆ ಮರ ಮುಂದಿನ ವರ್ಷವೂ ಕೊಡುತ್ತದೆ. ಕುಷ್ಠದಲ್ಲಿ ಆ ಅನುಕೂಲವಿಲ್ಲ. ಗಿಡ ಮಳೆಗಾಲದಲ್ಲಿ ಹೂ ಬಿಟ್ಟು, ಬೀಜ ಬಲಿತು ಉದುರುವ ಹೊತ್ತಿಗೆ ಶರತ್ಕಾಲ ಬಂದಿರುತ್ತದೆ. ಹಿಮ ಬೀಳುವುದರೊಳಗೆ ಬೆಟ್ಟ ಇಳಿಯಬೇಕೆಂಬ ಅವಸರದಲ್ಲಿ ಅಗೆಯುವವನು ಬೀಜ ಉದುರುವವರೆಗೆ ಕಾಯುವುದಿಲ್ಲ. ತಾಯಿಯೂ ಹೋಯಿತು, ಮಕ್ಕಳೂ ಹುಟ್ಟಲಿಲ್ಲ. ಕಾಶ್ಮೀರದ ಸಂಸ್ಥಾನ 1921ರಲ್ಲಿಯೇ ಇದಕ್ಕಾಗಿ ಪ್ರತ್ಯೇಕವಾದ ಕುಠ್ ಕಾಯಿದೆಯನ್ನು ತಂದಿತ್ತು. ಒಂದು ಗಿಡಕ್ಕಾಗಿ ಒಂದು ಕಾಯಿದೆ! ಬೇರಿಗೆ ಆಗ ಎಂಥ ಬೆಲೆಯಿತ್ತೆಂಬುದನ್ನು ಇದರಿಂದಲೇ ಊಹಿಸಬಹುದು. 1985ರಲ್ಲಿ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದ ಮೊದಲನೆಯ ಅನುಬಂಧಕ್ಕೆ, ಅಂದರೆ ಅತ್ಯಂತ ಕಟ್ಟುನಿಟ್ಟಾದ ಪಟ್ಟಿಗೆ, ಕುಷ್ಠ ಸೇರಿತು. ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರ ತಿದ್ದುಪಡಿಯಿಂದ ಸೇರಿಸಿದ ಸಸ್ಯಗಳ ಅನುಸೂಚಿಯಲ್ಲಿ ಇದ್ದವು ಕೇವಲ 6 ಹೆಸರುಗಳು. ಕುಷ್ಠ ಅವುಗಳಲ್ಲಿ ಒಂದು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದರ ಸ್ಥಾನ ‘ತೀವ್ರ ಅಪಾಯದಲ್ಲಿರುವವು’ ಎಂಬ ವರ್ಗದಲ್ಲಿದೆ. ಕಾಡಿನಲ್ಲಿ ಸಂಪೂರ್ಣವಾಗಿ ಅಳಿದುಹೋಗುವುದಕ್ಕೆ ಮುಂಚಿನ ಹಂತ ಅದು.

ಹಾಗಾದರೆ ಅಂಗಡಿಯಲ್ಲಿ ಸಿಗುವ ಬೇರು ಎಲ್ಲಿಯದು? ಬಹುಪಾಲು ಬೇಸಾಯದ್ದು. ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ 1920ರ ದಶಕದ ಸುಮಾರಿಗೆ ಕುಷ್ಠದ ಕೃಷಿ ಆರಂಭವಾಯಿತು. ವರ್ಷದ ಅರ್ಧ ಭಾಗ ಹಿಮದಡಿ ಇರುವ ಆ ಒಣ ಕಣಿವೆಯ ರೈತರಿಗೆ ಇದು ದೊಡ್ಡ ಆದಾಯ ತಂದ ಬೆಳೆ. ಚೀನಾದ ಮಾರುಕಟ್ಟೆ ಮುಚ್ಚಿದ ಮೇಲೆ ಬೆಲೆ ಕುಸಿಯಿತು. ಬಿತ್ತನೆ ಆಲೂಗಡ್ಡೆ, ಬಟಾಣಿ ಹೊಲಗಳನ್ನು ಆವರಿಸಿಕೊಂಡವು. ಆದರೂ ಅಲ್ಲಲ್ಲಿ ಬೇಸಾಯ ನಿಂತಿಲ್ಲ. ಉತ್ತರಾಖಂಡದ ಎತ್ತರದ ಹಳ್ಳಿಗಳಲ್ಲಿಯೂ ಪರವಾನಗಿ ಪಡೆದು ಬೆಳೆಯುತ್ತಾರೆ. ಬೀಜ ಹಾಕಿ ಎರಡು ಮೂರು ವರ್ಷ ಕಾದ ಮೇಲೆ ಬೇರು ಕೈಗೆ ಬರುತ್ತದೆ. ಇಷ್ಟು ಕಾದು ಬೆಳೆದದ್ದಕ್ಕೆ ತಕ್ಕ ಬೆಲೆ ಕೊಡಲು ಕೊಳ್ಳುವವರು ಹಿಂಜರಿದಾಗ ಕಲಬೆರಕೆಗೆ ಬಾಗಿಲು ತೆರೆಯುತ್ತದೆ.

ಗುಣಗಳ ವಿಷಯ. ರಸದಲ್ಲಿ ಕಹಿ, ಖಾರ, ಸ್ವಲ್ಪ ಸಿಹಿ, ಗುಣದಲ್ಲಿ ಲಘು, ರೂಕ್ಷ, ತೀಕ್ಷ್ಣ, ವೀರ್ಯ ಉಷ್ಣ, ವಿಪಾಕ ಕಟು. ಆದ್ದರಿಂದ ವಾತ, ಕಫಗಳನ್ನು ತಗ್ಗಿಸುತ್ತದೆ. ಚರಕರು ಇದನ್ನು ಲೇಖನೀಯ, ಶುಕ್ರಶೋಧನ ಹಾಗೂ ಆಸ್ಥಾಪನೋಪಗ ವರ್ಗಗಳಲ್ಲಿ ಎಣಿಸಿದ್ದಾರೆ. ಸುಶ್ರುತರು ಏಲಾದಿ ಗಣದಲ್ಲಿ ಇಟ್ಟಿದ್ದಾರೆ. ಕೆಮ್ಮು, ಉಬ್ಬಸ, ಹೊಟ್ಟೆಯುಬ್ಬರ, ವಾತರಕ್ತ, ಚರ್ಮವಿಕಾರಗಳಲ್ಲಿ ಇದರ ಉಪಯೋಗ ಹೇಳಲ್ಪಟ್ಟಿದೆ. ಬೇರಿನ ಪುಡಿಯ ಪ್ರಮಾಣ ಭಾರತೀಯ ಆಯುರ್ವೇದ ಔಷಧಕೋಶದ ಪ್ರಕಾರ 200 ಮಿಲಿಗ್ರಾಂನಿಂದ 1 ಗ್ರಾಂ. ಒಂದು ಗ್ರಾಂ ಎಂದರೆ ಚಹದ ಚಮಚದ ಅರ್ಧಕ್ಕಿಂತಲೂ ಕಡಿಮೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ‘ಗಿಡಮೂಲಿಕೆ ತಾನೆ’ ಎಂದು ಚಮಚಗಟ್ಟಲೆ ನುಂಗುವವರು ನಮ್ಮಲ್ಲಿ ಕಡಿಮೆಯಿಲ್ಲ. ಉಷ್ಣವೀರ್ಯವಾದ್ದರಿಂದ ಪಿತ್ತಪ್ರಕೃತಿಯವರಿಗೆ ಎಚ್ಚರಿಕೆ ಬೇಕು. ಗರ್ಭಿಣಿಯರು ಇದನ್ನು ಸೇವಿಸಲೇಬಾರದು ಎಂಬುದು ನಮ್ಮ ಅಭಿಪ್ರಾಯ. ನಮ್ಮ ಭಕ್ತರಿಗೆ ಹೆಚ್ಚು ಪರಿಚಿತವಾದ ರೂಪಗಳು ಹೊರಗಿನ ಬಳಕೆಯವು: ಕೀಲುನೋವಿಗೆ ತಿಕ್ಕುವ, ಕೇರಳದಿಂದ ಬಂದ ಕೊಟ್ಟಂಚುಕ್ಕಾದಿ ತೈಲ (ಹೆಸರಿನಲ್ಲಿಯೇ ಕೊಟ್ಟಂ ಮತ್ತು ಚುಕ್ಕು, ಅಂದರೆ ಕುಷ್ಠ ಮತ್ತು ಒಣಶುಂಠಿ ಇವೆ), ಊತಕ್ಕೆ ಹಚ್ಚುವ ದಶಾಂಗಲೇಪ ಇತ್ಯಾದಿ.

ಇನ್ನು ಬದಲಿ ಬೇರುಗಳ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಮೊದಲನೆಯದು ಪುಷ್ಕರಮೂಲ. ಇದೂ ಸೇವಂತಿಗೆಯ ಕುಟುಂಬದ ಹಿಮಾಲಯದ ಗಿಡವೇ. ಪುಷ್ಕರಮೂಲ ದೊರೆಯದಿದ್ದರೆ ಕುಷ್ಠವನ್ನು ತೆಗೆದುಕೊಳ್ಳಬಹುದೆಂದು ಭಾವಪ್ರಕಾಶ ಅನುಮತಿ ಕೊಟ್ಟಿದೆ. ವ್ಯಾಪಾರಿಗಳು ಅದನ್ನು ತಿರುಗುಮುರುಗು ಮಾಡಿ, ಕುಷ್ಠ ಕೇಳಿದವರಿಗೆ ಪುಷ್ಕರಮೂಲವನ್ನೂ ಕೊಡುತ್ತಾರೆ. ಎರಡೂ ಶ್ವಾಸಕಾಸಗಳಲ್ಲಿ ಉಪಯುಕ್ತವಾದುದರಿಂದ ಇದರಿಂದ ದೊಡ್ಡ ಹಾನಿಯಾಗಲಿಕ್ಕಿಲ್ಲ. ಆದರೆ ಹೆಸರು ಹೇಳಿ ಕೊಡುವುದು ಧರ್ಮ.

ಎರಡನೆಯದು ನಮ್ಮ ಮಲೆನಾಡಿನ ತೇವದ ನೆಲಗಳಲ್ಲಿ ಬೆಳೆಯುವ, ಶುಂಠಿಗೆ ನೆಂಟನಾದ ಗಿಡ. ಸುರುಳಿಯಾಗಿ ಏರುವ ಕಾಂಡ, ಕೆಂಪು ತೊಟ್ಟಿಲಿನೊಳಗಿಂದ ಇಣುಕುವ ಬಿಳಿಯ ಹೂ. ಯೂರೋಪಿನವರು ಕೋಸ್ಟಸ್ ಎಂದು ಹೆಸರಿಟ್ಟರೆಂದು ಮೇಲೆ ಹೇಳಿದ ಗುಂಪು ಇದೇ. ದುರದೃಷ್ಟವಶಾತ್ ಕನ್ನಡದಲ್ಲಿಯೂ ಚಂಗಲಕೋಷ್ಠ ಎಂಬ ಹೆಸರನ್ನು ಕಾಶ್ಮೀರದ ಬೇರಿಗೂ ಈ ಗಿಡಕ್ಕೂ ಎರಡಕ್ಕೂ ಬಳಸುವುದುಂಟು. ಇದರ ಗೆಡ್ಡೆಯನ್ನು ಹೆಚ್ಚಿ ಒಣಗಿಸಿ ಕೋಷ್ಠವೆಂದು ಮಾರಿದರೆ ನೋಡಿದೊಡನೆ ಪತ್ತೆಹಚ್ಚುವುದು ಸಾಮಾನ್ಯರಿಗೆ ಕಷ್ಟ. ಗುಣದಲ್ಲಿ ಎರಡಕ್ಕೂ ಏನೂ ಸಂಬಂಧವಿಲ್ಲ.

ಅದೇ ಗುಂಪಿನ ಇನ್ನೊಂದು ಸಸ್ಯ ಬ್ರೆಜಿಲ್ ಮೂಲದ ‘ಇನ್ಸುಲಿನ್ ಗಿಡ’. ಇಂದು ಊರೂರಿನ ಹಿತ್ತಲಿನಲ್ಲಿ ಇದೆ. ನಮ್ಮಲ್ಲಿಗೆ ಬಂದಿದ್ದ ನಿವೃತ್ತ ಶಿಕ್ಷಕರೊಬ್ಬರು ‘ಕೋಸ್ಟಸ್ ಪುಡಿ’ ಎಂದು ಮೊಬೈಲಿನಲ್ಲಿ ತರಿಸಿಕೊಂಡ ಡಬ್ಬಿಯನ್ನು ತೋರಿಸಿದರು. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಎರಡು ತಿಂಗಳಿಂದ ದಿನಕ್ಕೆ ಎರಡು ಚಮಚ ಸೇವಿಸಿ, ಮೊದಲಿನ ಮಾತ್ರೆಗಳನ್ನು ನಿಲ್ಲಿಸಿದ್ದರು. ಡಬ್ಬಿಯಲ್ಲಿದ್ದದ್ದು ಇನ್ಸುಲಿನ್ ಗಿಡದ ಎಲೆಯಲ್ಲ, ಕುಷ್ಠದ ಬೇರಿನ ಪುಡಿ! ಹೊಟ್ಟೆಯುರಿ ಬಂದಿತ್ತು, ಸಕ್ಕರೆ ಏರಿತ್ತು. ಮಾತ್ರೆಗಳನ್ನು ಕೊಟ್ಟಿದ್ದ ವೈದ್ಯರ ಬಳಿಗೇ ಅವರನ್ನು ಅದೇ ದಿನ ಕಳುಹಿಸಿದೆವು. ಇಲ್ಲಿ ಇನ್ನೊಂದು ಶಬ್ದಭ್ರಮೆಯೂ ಸೇರಿಕೊಳ್ಳುತ್ತದೆ. ಕುಷ್ಠ, ಪುಷ್ಕರಮೂಲಗಳ ಬೇರಿನಲ್ಲಿ ಇನ್ಯುಲಿನ್ ಎಂಬ ಪಿಷ್ಟದಂಥ ವಸ್ತುವಿದೆ. ಅದು ನಮ್ಮ ಶರೀರದ ಇನ್ಸುಲಿನ್ ಅಲ್ಲ. ಒಂದಕ್ಷರದ ವ್ಯತ್ಯಾಸವನ್ನು ಮರೆತು ಬರೆದ ಜಾಹೀರಾತುಗಳನ್ನು ನಂಬಬಾರದು.

ಎಲ್ಲಕ್ಕಿಂತ ಅಪಾಯಕಾರಿಯಾದ ಗೊಂದಲ ಚೀನಾದ ವೈದ್ಯದಲ್ಲಿ ಕಂಡುಬಂದದ್ದು. ಅಲ್ಲಿ ಕುಷ್ಠವನ್ನು ಮು ಷಿಯಾಂಗ್ ಎನ್ನುತ್ತಾರೆ. ಅದೇ ಹೆಸರಿಗೆ ಒಂದು ವಿಶೇಷಣವನ್ನು ಸೇರಿಸಿ, ನಮ್ಮ ಈಶ್ವರಿ ಬಳ್ಳಿಯ ವಂಶಕ್ಕೆ ಸೇರಿದ ಬೇರೊಂದು ಬೇರನ್ನೂ ಕರೆಯುತ್ತಿದ್ದರು. ಈ ವಂಶದ ಬಳ್ಳಿಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲವಿರುತ್ತದೆ. ಅದು ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ; ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಮೊದಲನೆಯ ಗುಂಪಿನಲ್ಲಿ ಇರಿಸಿದೆ. ಇಂಥದೇ ಹೆಸರಿನ ಸಾಮ್ಯದಿಂದ ಬೆಲ್ಜಿಯಂನಲ್ಲಿ ಏನಾಯಿತೆಂಬುದು ವೈದ್ಯಲೋಕಕ್ಕೆ ತಿಳಿದಿದೆ. ತೂಕ ಇಳಿಸಿಕೊಳ್ಳಲು ಚೀನಾದ ಮೂಲಿಕೆಯನ್ನು ಸೇವಿಸಿದ ಮಹಿಳೆಯರ ಮೂತ್ರಪಿಂಡಗಳು ವಿಫಲವಾದುದು 1993ರಲ್ಲಿ ವರದಿಯಾಯಿತು. ಒಂದು ಬೇರಿನ ಹೆಸರಿನಲ್ಲಿ ಈ ವಂಶದ ಬೇರು ಔಷಧಕ್ಕೆ ಸೇರಿಹೋಗಿತ್ತು. ನಮ್ಮ ಹಳ್ಳಿಗಳಲ್ಲಿ ಹಾವು ಕಚ್ಚಿದರೆ ಈಶ್ವರಿ ಬೇರನ್ನು ತೇಯ್ದು ಕುಡಿಸುವವರು ಈಗಲೂ ಇದ್ದಾರೆ. ಆ ಅಭ್ಯಾಸವನ್ನು ಬಿಡಬೇಕು, ಹಾವು ಕಚ್ಚಿದವರನ್ನು ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.

ನಿಜವಾದ ಕುಷ್ಠವೇ ದೊರೆತರೂ ಅದು ಸೇರದ ಒಂದು ವರ್ಗದ ಜನ ನಮ್ಮ ನಾಡಿನಲ್ಲಿ ಬಹಳ ಮಂದಿ ಇದ್ದಾರೆ. ಹೊಲದ ಬದುವಿನಲ್ಲಿ, ರಸ್ತೆಯ ಪಕ್ಕದಲ್ಲಿ ಹಬ್ಬಿರುವ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಸ, ಸೇವಂತಿಗೆಯ ಕುಟುಂಬದ್ದೇ ಗಿಡ. ಅದರ ಸೋಂಕಿನಿಂದ ಮುಖ, ಕತ್ತು, ಮೊಣಕೈ ಸಂದುಗಳಲ್ಲಿ ಚರ್ಮ ದಪ್ಪಗಾಗಿ, ಕಪ್ಪಾಗಿ, ತುರಿಸುವ ರೈತರನ್ನು ನಾವು ಪ್ರತಿ ಮಳೆಗಾಲದಲ್ಲಿಯೂ ನೋಡುತ್ತೇವೆ. ಈ ಒಗ್ಗದಿಕೆಗೆ ಕಾರಣವಾದ ರಾಸಾಯನಿಕಗಳ ವರ್ಗಕ್ಕೇ ಕುಷ್ಠದ ಬೇರಿನಲ್ಲಿರುವ ಕೋಸ್ಟುನೋಲೈಡ್ ಮುಂತಾದವೂ ಸೇರುತ್ತವೆ. ಚರ್ಮತಜ್ಞರು ಈ ಬಗೆಯ ಅಲರ್ಜಿಯನ್ನು ಪರೀಕ್ಷಿಸಲು ಬೆನ್ನಿನ ಮೇಲೆ ಅಂಟಿಸುವ ಮಿಶ್ರಣವೊಂದರಲ್ಲಿ ಇರುವ ಮೂರು ವಸ್ತುಗಳಲ್ಲಿ ಎರಡು ಕುಷ್ಠದಲ್ಲಿರುವಂಥವು. ಮೂರನೆಯದು ಪುಷ್ಕರಮೂಲದಲ್ಲಿಯೂ ಇದೆ. ಸುಗಂಧದ್ರವ್ಯ ತಯಾರಕರು ಕುಷ್ಠದ ಎಣ್ಣೆಯನ್ನು ಕೈಬಿಟ್ಟದ್ದೂ ಈ ಕಾರಣದಿಂದಲೇ. ರೈತರೊಬ್ಬರು, ‘ಕುಷ್ಠಕ್ಕೆ ಕುಷ್ಠವೇ ಮದ್ದು’ ಎಂದು ಯಾರೋ ಹೇಳಿದ ಮಾತನ್ನು ಕೇಳಿ, ಪಾರ್ಥೇನಿಯಂ ತುರಿಕೆಗೆ ಕುಷ್ಠಚೂರ್ಣವನ್ನು ಮೊಸರಿನಲ್ಲಿ ಕಲಸಿ ಮುಖಕ್ಕೆಲ್ಲ ಹಚ್ಚಿಕೊಂಡರು. ಮರುದಿನ ಕಣ್ಣು ತೆರೆಯಲಾರದಷ್ಟು ಊತ. ಅವರು ತಂದ ಪುಡಿಯನ್ನು ನೋಡಿದೆವು. ಅದರಲ್ಲಿ ಕಲಬೆರಕೆ ಇರಲಿಲ್ಲ, ಒಳ್ಳೆಯ ಕುಷ್ಠವೇ ಆಗಿತ್ತು. ಮದ್ದು ಶುದ್ಧವಾಗಿತ್ತು, ಯುಕ್ತವಾಗಿರಲಿಲ್ಲ. ಕಾಂಗ್ರೆಸ್ ಕಸ ಒಗ್ಗದವರು, ಸೇವಂತಿಗೆ ಹೂ ಮುಟ್ಟಿದರೆ ಕೈ ತುರಿಸುವವರು ಕುಷ್ಠವಿರುವ ಲೇಪ, ತೈಲಗಳನ್ನು ವೈದ್ಯರನ್ನು ಕೇಳದೆ ಹಚ್ಚಿಕೊಳ್ಳಬಾರದು. ಉಳಿದವರೂ ಹೊಸ ತೈಲವನ್ನು ಮೊದಲು ಮುಂಗೈಯ ಒಳಭಾಗದಲ್ಲಿ ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಹಚ್ಚಿ, ಎರಡು ದಿನ ನೋಡುವುದು ಒಳ್ಳೆಯದು.

ಗ್ರಂಧಿಗೆ ಅಂಗಡಿಯಲ್ಲಿ ಕೊಳ್ಳುವವರು ಪುಡಿಯನ್ನು ಕೊಳ್ಳಬಾರದು. ಇಡೀ ಬೇರನ್ನು ಕೇಳಿ ಪಡೆಯಬೇಕು. ಕುಷ್ಠದ ಬೇರು ಬೂದುಗಂದು ಬಣ್ಣದ್ದು, ಬೆರಳಿನಿಂದ ಹೆಬ್ಬೆರಳಿನಷ್ಟು ಅಥವಾ ಅದಕ್ಕಿಂತ ದಪ್ಪ, ಮೇಲ್ಮೈಯಲ್ಲಿ ಉದ್ದುದ್ದ ಏಣುಗಳು, ಅನೇಕ ವೇಳೆ ನಡುಭಾಗ ಕುಸಿದಿರುತ್ತದೆ. ಮುರಿದು ಮೂಸಿದರೆ ಗಾಢವಾದ, ಸ್ವಲ್ಪ ಸಿಹಿ ಬೆರೆತ ಪರಿಮಳ; ಕಚ್ಚಿದರೆ ಮೆಲುವಾದ ಕಹಿ. ವಾಸನೆಯಿಲ್ಲದ, ನಾರುನಾರಾದ ತುಂಡುಗಳನ್ನು ಹಿಂದಿರುಗಿಸಬೇಕು. ‘ಕಾಡಿನ ಕುಷ್ಠ, ಬಲು ತೇಜ’ ಎಂದು ಹೆಚ್ಚಿನ ಬೆಲೆ ಹೇಳುವವನಿಂದ ಕೊಳ್ಳಲೇಬಾರದು. ಅವನ ಮಾತು ಸುಳ್ಳಾಗಿದ್ದರೆ ವಂಚನೆ, ನಿಜವಾಗಿದ್ದರೆ ಕಾನೂನುಬಾಹಿರ. ಬೇಸಾಯದ ಬೇರು ಚಿಕಿತ್ಸೆಗೆ ಸಾಕಷ್ಟು ಚೆನ್ನಾಗಿದೆ. ನಾವು ಅದನ್ನೇ ಬಳಸುತ್ತೇವೆ. ಧೂಪಕ್ಕೆ, ಸ್ನಾನದ ಪುಡಿಗೆ, ತಲೆಗೂದಲ ಎಣ್ಣೆಗೆ ಪರಿಮಳಕ್ಕಾಗಿ ಇದನ್ನು ಹಾಕುವ ಪದ್ಧತಿಯನ್ನು ಕೈಬಿಡಬಹುದು. ಧೂಪಕ್ಕೆ ಸಾಂಬ್ರಾಣಿ ಸಾಲುತ್ತದೆ. ಸಾಮಾನ್ಯವಾದ ಕೆಮ್ಮು, ಹೊಟ್ಟೆಯುಬ್ಬರಗಳಿಗೆ ಒಣಶುಂಠಿ, ಹಿಪ್ಪಲಿ, ಓಮಗಳಿರುವಾಗ ಕಾಶ್ಮೀರದವರೆಗೆ ಕೈಚಾಚಬೇಕಾದ ಅಗತ್ಯವಿಲ್ಲ. ಯಾವ ರೋಗಿಗೆ ಕುಷ್ಠವೇ ಬೇಕೆಂಬುದನ್ನು ವೈದ್ಯರು ನಿರ್ಧರಿಸಲಿ. ತಮ್ಮ ಮನೆಯಲ್ಲಿ ಕೋಷ್ಠವೆಂದು ಇಟ್ಟುಕೊಂಡ ಬೇರಿನ ಬಗ್ಗೆ ಸಂಶಯವಿರುವ ಸದ್ಭಕ್ತರು ಅದರ ಒಂದು ತುಂಡನ್ನು ತಾವು ಚಿಕಿತ್ಸೆ ಪಡೆಯುವ ಆಯುರ್ವೇದ ವೈದ್ಯರಿಗೆ ತೋರಿಸಿ ಖಚಿತಪಡಿಸಿಕೊಳ್ಳುವುದು; ಅಲ್ಲಿಯವರೆಗೆ ಅದನ್ನು ಯಾರಿಗೂ ತೇಯ್ದು ಕೊಡದಿರುವುದು.